ಹಳೆ ಫುಟಾಬಾ ರಿಮೋಟ್‌ಗೆ 2.4 ಹಾಕಿಸಲು ಕೊಡುವ ಮುಂಚೆ ಇದನ್ನು ಓದಿ

ಮೂರು ದಿನದಿಂದ ಸರಿಯಾಗಿ ನಿದ್ದೆ ಬಂದಿಲ್ಲ. ದುಡ್ಡು ಹೋಯಿತು ಅಂತಲ್ಲ. ನನ್ನ ಮಾತು ಕೇಳದ ರಿಮೋಟ್ ವಿಮಾನ ಫುಲ್ ಸ್ಪೀಡಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದ ಕಡೆಗೇ ಹೋಯಿತಲ್ಲ, ಅದಕ್ಕೆ. ಬೆಂಗಳೂರಿನಲ್ಲಿ ಯಾರಾದರೂ ಹಳೆ ಆರ್‌ಸಿ (ರೇಡಿಯೋ ಕಂಟ್ರೋಲ್) ರಿಮೋಟ್‌ಗೆ 2.4 ಗಿಗಾಹರ್ಟ್ಸ್ ಮಾಡ್ಯೂಲ್ ಹಾಕಿಸಬೇಕು ಅಂತಿದ್ದರೆ ದಯವಿಟ್ಟು ಪೂರ್ತಿ ಓದಿ.

ನನ್ನ ಹತ್ತಿರ ಸೋದರಮಾವನ ಫುಟಾಬಾ ಇದೆ. ಆರು ಚಾನೆಲ್ (ಅಂದರೆ ಆರು ಕಂಟ್ರೋಲ್), 72 ಮೆಗಾಹರ್ಟ್ಸ್. 1998ರಲ್ಲಿ ಅಮೆರಿಕದಿಂದ ಬರುವಾಗ ತಂದಿದ್ದರು. ಎಳೆದರೆ ಮೀಟರ್ ಉದ್ದ ಬರುವ ಸ್ಟೀಲ್ ಏರಿಯಲ್, ಕೆಳಗೆ ಫ್ರೀಕ್ವೆನ್ಸಿ ತೀರ್ಮಾನಿಸುವ ಕ್ರಿಸ್ಟಲ್. ಒಂದೇ ನಂಬರಿನ ಕ್ರಿಸ್ಟಲ್ ಇರುವ ಇಬ್ಬರು ಒಂದೇ ಮೈದಾನದಲ್ಲಿ ರಿಮೋಟ್ ಆನ್ ಮಾಡಿದರೆ ವಿಮಾನ ನೆಲಕ್ಕೆ ಬಿತ್ತು ಅಂತಲೇ ಲೆಕ್ಕ. ಹಳಬರಿಗೆ ಗೊತ್ತಿರುತ್ತದೆ. ಆ ಕಾಲ ಹೋಯಿತು, ಆದರೆ ಇದರ ಸ್ಟಿಕ್‌ಗಳು ಈಗಲೂ ಬೆಣ್ಣೆ ತರ ಇವೆ. ಕೊಡುವಾಗ ಮಾವ ಒಂದೇ ಮಾತು ಹೇಳಿದ್ದರು. "ಶೋಕೇಸಲ್ಲಿ ಇಡಬೇಡ ಕಣೋ, ಹಾರಿಸು."

ಅದಕ್ಕೇ ಈ ಕ್ರಿಸ್ಟಲ್ ಜಗಳವಿಲ್ಲದ 2.4 ಗಿಗಾಹರ್ಟ್ಸ್‌ಗೆ ಬದಲಿಸೋಣ ಅಂತ ಹೊರಟೆ. ದೊಡ್ಡ ಕೆಲಸವೇನಲ್ಲ. ಹಳೆ ಆರ್‌ಎಫ್ ಬೋರ್ಡ್ (ಸಿಗ್ನಲ್ ಕಳಿಸುವ ಭಾಗ) ಬಿಡಿಸಿ, ಪ್ಲಸ್, ಗ್ರೌಂಡ್, ಸ್ಟಿಕ್‌ಗಳ ಚಲನೆ ಒಯ್ಯುವ ಪಿಪಿಎಂ ಸಿಗ್ನಲ್ ಮೂರು ವೈರನ್ನು ಹೊಸ ಮಾಡ್ಯೂಲ್‌ಗೆ ಸೋಲ್ಡರ್ ಮಾಡಿ, ಏರಿಯಲ್ ಜಾಗದಲ್ಲಿ ಚಿಕ್ಕ ಆಂಟೆನಾ ಕೂರಿಸಬೇಕು. ಆರ್‌ಸಿ ರೇಡಿಯೋ ಮಾಡುವ ಎಫ್‌ಆರ್‌ಸ್ಕೈ ಕಂಪನಿಯವರ ಡಿಎಚ್‌ಟಿ ಅನ್ನುವ ಕಿಟ್ ಇದಕ್ಕೆಂದೇ ಬಂದಿದ್ದು. ನಾನೇ ಮಾಡಬಹುದಿತ್ತು. ಕೈ ತಪ್ಪಿ ಮಾವನ ಬೋರ್ಡ್ ಸುಟ್ಟುಬಿಟ್ಟರೆ ಅಂತ ಹೆದರಿದೆ. ಗೊತ್ತಿದ್ದವರೊಬ್ಬರು ಒಬ್ಬ ರಿಪೇರಿಯವನ ನಂಬರ್ ಕೊಟ್ಟರು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡ್ ದಾಟಿ, ಒಂದು ಗಲ್ಲಿಯ ಮಹಡಿ ಮೇಲೆ ಕೊಟ್ಟು ಬಂದೆ. ಮಾಡ್ಯೂಲ್‌ಗೆ 4,000, ಕೂಲಿ 2,500. ಪೂರ್ತಿ ಅಡ್ವಾನ್ಸ್. "ಡಿಎಚ್‌ಟಿನೇ ಹಾಕ್ತೀನಿ ಸಾರ್, ಎರಡು ಕಿಲೋಮೀಟರ್ ಗ್ಯಾರಂಟಿ" ಅಂದ. ಬಿಲ್ ಕೇಳಲಿಲ್ಲ. ಕೇಳಬೇಕಿತ್ತು.

ಒಂದು ವಾರ ಅಂದವನು ಐದು ವಾರ ಮಾಡಿದ. ಅದನ್ನು ಬಿಡಿ, ಎಲ್ಲರೂ ಮಾಡುತ್ತಾರೆ.

ತರಲು ಹೋದ ದಿನವೇ ನನಗೆ ಗೊತ್ತಾಗಬೇಕಿತ್ತು. ನನ್ನ ಹತ್ತಿರ ಮೊದಲೇ ಕೊಂಡಿಟ್ಟಿದ್ದ ಎಫ್‌ಆರ್‌ಸ್ಕೈ ಡಿ8 ರಿಸೀವರ್ (ವಿಮಾನದಲ್ಲಿ ಕೂತು ಸಿಗ್ನಲ್ ಹಿಡಿಯುವ ಡಬ್ಬಿ) ಇತ್ತು. ಬೈಂಡ್ ಮಾಡಿಕೊಡಿ, ಅಂದರೆ ರಿಮೋಟ್‌ಗೆ ಜೋಡಿ ಮಾಡಿಕೊಡಿ ಅಂತ ಮುಂದಿಟ್ಟೆ. ಅವನು ಅದನ್ನು ಮುಟ್ಟಲೂ ಇಲ್ಲ. "ಅದು ಸೆಟ್ ಆಗಲ್ಲ ಸಾರ್, ಮ್ಯಾಚಿಂಗ್ ರಿಸೀವರ್ ನಾನೇ ರೆಡಿ ಮಾಡಿದೀನಿ" ಅಂತ ಕಪ್ಪು ಹೀಟ್ ಶ್ರಿಂಕ್ ಸುತ್ತಿದ ಒಂದು ಡಬ್ಬಿ ಕೊಟ್ಟ. ಹೆಸರಿಲ್ಲ, ಸ್ಟಿಕ್ಕರ್ ಇಲ್ಲ. ಡಿಎಚ್‌ಟಿ ಅಂದಮೇಲೆ ಡಿ8 ರಿಸೀವರ್ ಬೈಂಡ್ ಆಗಲೇಬೇಕು ಅಲ್ವಾ? ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದೆ. ಆ ಡಬ್ಬಿಗೆ ಮತ್ತೆ 900 ಕೊಟ್ಟು ಬಂದೆ. ಬೆಂಚಿನ ಮೇಲೆ ಸರ್ವೋ (ರೆಕ್ಕೆ, ಬಾಲದ ಪಟ್ಟಿ ತಿರುಗಿಸುವ ಪುಟ್ಟ ಮೋಟಾರ್) ಆಡಿತು, ಖುಷಿಯಾಯಿತು. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತಿದೆ.

ಭಾನುವಾರ ಬೆಳಗ್ಗೆ ಕೆಂಗೇರಿ ಆಚೆ ಇನ್ನೂ ಮನೆ ಏಳದ ಒಂದು ಲೇಔಟ್‌ಗೆ ಹೋದೆವು. ವಿಮಾನ ನಾನು, ಮಗಳು ಇಬ್ಬರೂ ಎರಡು ತಿಂಗಳು ಕೂತು ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟಲ್ಲಿ ಮಾಡಿದ್ದು. ರೆಕ್ಕೆಗೆ ಹಳದಿ ಟೇಪ್ ಅಂಟಿಸಿದ್ದು ಅವಳೇ. ಚೆನ್ನಾಗಿ ಎದ್ದಿತು. ಅರವತ್ತು ಎಪ್ಪತ್ತು ಮೀಟರ್ ಹೋಗಿರಬಹುದು, ಅಷ್ಟೇ. ತಿರುಗಿಸಿದೆ, ತಿರುಗಲಿಲ್ಲ. ಥ್ರಾಟಲ್ ಪೂರ್ತಿ ಇಳಿಸಿದೆ, ಇಳಿಯಲಿಲ್ಲ. ಸಿಗ್ನಲ್ ಹೋದರೆ ಮೋಟಾರ್ ನಿಲ್ಲಬೇಕು, ಫೇಲ್‌ಸೇಫ್ ಅನ್ನುವುದು ಇರುವುದೇ ಅದಕ್ಕೆ. ಇದು ನಿಲ್ಲಲಿಲ್ಲ. ಕೊನೆಗೆ ಸಿಕ್ಕ ಸಿಗ್ನಲ್ ಫುಲ್ ಥ್ರಾಟಲ್ ಆಗಿತ್ತು, ಅದನ್ನೇ ಹಿಡಿದುಕೊಂಡು ಹೋಯಿತು. ಆಚೆ ಏಳೆಂಟು ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಾನು "ಬಗ್ಗೀ! ಬಗ್ಗೀ!" ಅಂತ ಕಿರುಚಿಕೊಂಡು ಓಡಿದೆ. ಅವರ ತಲೆ ಮೇಲೆ ಎರಡಾಳು ಎತ್ತರದಲ್ಲಿ ಹಾದು ಕಾಂಪೌಂಡ್ ಗೋಡೆಗೆ ಹೊಡೆಯಿತು. ನಾನು ಓಡಿ ಹೋದಾಗಲೂ ಮೋಟಾರ್ ಕಿರುಚುತ್ತಲೇ ಇತ್ತು. ಬ್ಯಾಟರಿ ಕಿತ್ತ ಮೇಲೆಯೇ ನಿಂತಿದ್ದು. ಒಬ್ಬ ಹುಡುಗನಿಗೆ ತಾಗಿದ್ದರೆ?

ರಾತ್ರಿ ರಿಮೋಟ್ ಬಿಚ್ಚಿದೆ. ಹಿಂದಿನ ಸ್ಕ್ರೂ ತೆಗೆದು ಮುಚ್ಚಳ ಎತ್ತಿದರೆ ಗ್ಲೂ ಗನ್ ಅಂಟು ಮುದ್ದೆ ಮುದ್ದೆ. ಅದನ್ನು ಕಿತ್ತರೆ ಒಳಗೆ ಒಂದು ಆರ್ಡುಯಿನೋ ನ್ಯಾನೋ, ಪ್ರೋಗ್ರಾಮ್ ಹಾಕುವ ಚಿಕ್ಕ ಬೋರ್ಡ್. ಪಕ್ಕದಲ್ಲಿ ಎನ್‌ಆರ್‌ಎಫ್24 ರೇಡಿಯೋ ಬೋರ್ಡ್. ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಕೊಳ್ಳುವ ಸಾಮಾನು. ಅದೇ ಎಸ್‌.ಪಿ. ರೋಡಲ್ಲಿ ಎರಡೂ ಸೇರಿ ಸಾವಿರ ರೂಪಾಯಿ ಆಗಲ್ಲ. ಡಿಎಚ್‌ಟಿ ಎಲ್ಲಿ? ಇಲ್ಲ. ಇರಲೇ ಇಲ್ಲ. ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಆರ್‌ಎಫ್ ಕೆಲಸ ಮಾಡುವ ಗೆಳೆಯನಿಗೆ ಮರುದಿನ ತೋರಿಸಿದೆ. ಅವನು ಆಂಟೆನಾ ಬಿಚ್ಚಿ ನನ್ನ ಅಂಗೈ ಮೇಲಿಟ್ಟ. "ಸೂಜಿ ಎಲ್ಲಿದೆ ನೋಡು" ಅಂದ. ಅದು ವೈಫೈ ರೂಟರ್‌ನ ಆಂಟೆನಾ. ಅದರ ನಡುವೆ ಸೂಜಿ ಇರಲ್ಲ, ತೂತು ಇರುತ್ತದೆ. ಬೋರ್ಡಿನ ಸಾಕೆಟ್‌ನಲ್ಲೂ ತೂತೇ. ತಿರುಪು ಸರಿಯಾಗಿ ತಿರುಗುತ್ತದೆ, ಗಟ್ಟಿಯಾಗಿ ಕೂರುತ್ತದೆ, ಒಳಗೆ ಮಾತ್ರ ಒಂದಕ್ಕೊಂದು ತಾಗುವುದೇ ಇಲ್ಲ! ಅಂದರೆ ಆಂಟೆನಾ ಇಲ್ಲದ ರಿಮೋಟ್ ಹಿಡಿದು ನಾನು ವಿಮಾನ ಹಾರಿಸಿದ್ದು. ಯಾವ ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಇದೆ ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿದರೆ ಸಿಗ್ನಲ್ ಒಂದೇ ಜಾಗದಲ್ಲಿ ಕಂಬದ ತರ ನಿಂತಿತ್ತು. ಎಫ್‌ಆರ್‌ಸ್ಕೈ ಆಗಿದ್ದರೆ ಚಾನೆಲ್‌ನಿಂದ ಚಾನೆಲ್‌ಗೆ ಹಾರುತ್ತಾ ಇರಬೇಕಿತ್ತು. ಮನೆಮನೆಗೆ ವೈಫೈ ಇರುವ ಈ ಊರಲ್ಲಿ ಒಂದೇ ಕಡೆ ನಿಂತ ಸಿಗ್ನಲ್ ನಂಬಿ ವಿಮಾನ ಬಿಡುವುದಾ?

ರಿಪೇರಿಯವನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಕೇಳಿ.

ಮೊದಲು, "ನಿಮ್ಮ ಏರಿಯಾದಲ್ಲಿ ವೈಫೈ ಜಾಸ್ತಿ ಸಾರ್." ಖಾಲಿ ಲೇಔಟ್ ಕಣಯ್ಯಾ, ಅಲ್ಲಿ ಮನೆಯೇ ಇಲ್ಲ ಅಂದೆ. "ಹಂಗಾದ್ರೆ ನೀವು ಆಂಟೆನಾ ತುದಿ ವಿಮಾನದ ಕಡೆ ನೇರ ಹಿಡಿದಿರ್ತೀರ, ಹಂಗೆ ಹಿಡಿದ್ರೆ ಸಿಗ್ನಲ್ ಕಮ್ಮಿ." ಒಳಗಿನ ಫೋಟೋ ವಾಟ್ಸಾಪ್ ಮಾಡಿದೆ. ಎರಡು ನೀಲಿ ಟಿಕ್. ಅರ್ಧ ಗಂಟೆ ಬಿಟ್ಟು, "ಓಪನ್ ಮಾಡಿಬಿಟ್ರಾ ಸಾರ್? ವಾರಂಟಿ ಹೋಯ್ತಲ್ಲ." ನನ್ನ ರಿಮೋಟ್ ನಾನು ಬಿಚ್ಚಿದರೆ ವಾರಂಟಿ ಹೋಯಿತಂತೆ. ಡಿಎಚ್‌ಟಿ ಎಲ್ರೀ ಅಂತ ಕೇಳಿದ್ದಕ್ಕೆ, "ಅದೇ ಟೆಕ್ನಾಲಜಿ ಸಾರ್. 2.4 ಅಂದ್ರೆ 2.4ನೇ." ಈ ಮಾತು ಮೂರು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. 2.4 ಅಂದ್ರೆ 2.4ನೇ! ಹುಡುಗರ ವಿಷಯ ಹೇಳಿದೆ. "ಏನೂ ಆಗಿಲ್ವಲ್ಲ ಸಾರ್" ಅಂದ. ಅಲ್ಲಿಗೆ ನಾನು ಫೋನ್ ಇಟ್ಟೆ. ಕೈ ನಡುಗುತ್ತಿತ್ತು. ಈಗ ನನ್ನ ನಂಬರ್ ಬ್ಲಾಕ್ ಆಗಿದೆ.

ನಿಮಗೆ ಹೇಳುವುದು ಇಷ್ಟೇ. ಕೈಲಾದರೆ ನೀವೇ ಮಾಡಿ, ಮೂರೇ ವೈರ್. ಹೊರಗೆ ಕೊಟ್ಟರೆ ಮಾಡ್ಯೂಲ್ ನೀವೇ ಕೊಂಡು ಕೊಡಿ, ವಾಪಸ್ ತರುವಾಗ ಅಲ್ಲೇ ಬಿಚ್ಚಿಸಿ ನೋಡಿ. "ನನ್ನ ರಿಸೀವರೇ ಬೇಕು" ಅಂದವನ ಹತ್ತಿರ ಒಂದು ನಿಮಿಷ ನಿಲ್ಲಬೇಡಿ. ಹಾರಿಸುವ ಮುಂಚೆ ಪ್ರೊಪೆಲ್ಲರ್ ತೆಗೆದು, ಥ್ರಾಟಲ್ ಸ್ವಲ್ಪ ಏರಿಸಿ, ರಿಮೋಟ್ ಆಫ್ ಮಾಡಿ. ಮೋಟಾರ್ ನಿಲ್ಲದಿದ್ದರೆ ವಿಮಾನ ಮನೆಗೆ ವಾಪಸ್ ತನ್ನಿ.

ಇನ್ನೊಂದು. ತೆಗೆದ ಹಳೆ ಆರ್‌ಎಫ್ ಬೋರ್ಡ್ ಅವನು ಕೊಡಲೇ ಇಲ್ಲ. "ಸ್ಕ್ರ್ಯಾಪ್ ಸಾರ್, ಅದ್ಯಾಕೆ ನಿಮಗೆ" ಅಂದ. ಸಂಡೇ ಬಜಾರಲ್ಲೋ ಎಸ್‌.ಪಿ. ರೋಡಿನ ಹಳೆ ಸಾಮಾನಿನ ರಾಶಿಯಲ್ಲೋ ಫುಟಾಬಾ 72 ಮೆಗಾಹರ್ಟ್ಸ್ ಬೋರ್ಡ್ ಕಂಡರೆ ಕ್ರಿಸ್ಟಲ್ ನೋಡಿ. ಚಾನೆಲ್ 42. ಅದಕ್ಕೆ ಬಿಳಿ ಟೇಪ್ ಸುತ್ತಿ ಮಾವ ಬಾಲ್ ಪೆನ್ನಲ್ಲಿ ಕನ್ನಡದಲ್ಲಿ ೪೨ ಅಂತ ಬರೆದಿದ್ದಾರೆ. ಸಿಕ್ಕರೆ ತಿಳಿಸಿ, ಕೇಳಿದ ದುಡ್ಡು ಕೊಟ್ಟು ತರುತ್ತೇನೆ. ಮಾವ ನಿನ್ನೆ ಫೋನ್ ಮಾಡಿ ಹಾರಿಸಿದೆಯಾ ಅಂತ ಕೇಳಿದರು. ಇನ್ನೂ ರಿಪೇರಿಯಲ್ಲಿದೆ ಅಂದಿದ್ದೇನೆ.