ಐದು ನೀರು, ಇಪ್ಪತ್ತು ಗುಲಾಬಿ

ನಮ್ಮ ಮಾವನವರಿಗೆ ಹೂವು ಅಂದರೆ ಪ್ರಾಣ. ಲಾಲ್‌ಬಾಗ್‌ನಲ್ಲಿ ಜನವರಿಗೊಂದು, ಆಗಸ್ಟ್‌ಗೊಂದು ಫಲಪುಷ್ಪ ಪ್ರದರ್ಶನ ನಡೆಯುತ್ತದೆ ಅಲ್ವಾ, ಎರಡನ್ನೂ ಅವರು ತಪ್ಪಿಸಿಕೊಂಡವರಲ್ಲ. ಸೊಂಟದ ಮೂಳೆ ಮುರಿದ ಮೇಲೆ ಮಂಚ, ಕಿಟಕಿ, ಅಷ್ಟೇ. ಹಾಗಾಗಿ ಹೂವನ್ನೇ ಅವರ ಹತ್ತಿರ ತರೋಣ ಅಂತ ಮಂಚದ ಪಕ್ಕದ ಮೇಜಿನ ಮೇಲೆ ಹೂದಾನಿ ಇಟ್ಟೆ. ಆದರೆ ಗಾಂಧಿ ಬಜಾರಿನಿಂದ ತಂದ ಗುಲಾಬಿ ಮೂರನೇ ದಿನಕ್ಕೇ ಕತ್ತು ಬಗ್ಗಿಸುತ್ತಿತ್ತು. ಅವರು ಏನೂ ಅನ್ನುತ್ತಿರಲಿಲ್ಲ. ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ಬಾಡಿದ ಹೂ ನೋಡಬೇಕಲ್ಲ ಅಂತ ನನಗೇ ಸಂಕಟ.

ಕೇಳಿದವರೆಲ್ಲ ಒಂದೊಂದು ಉಪಾಯ ಹೇಳಿದರು. ಸಕ್ಕರೆ ಹಾಕು, ಆಸ್ಪಿರಿನ್ ಹಾಕು, ತಾಮ್ರದ ಚೊಂಬಿನಲ್ಲಿಡು. ಒಂದು ಸಲ ಎಲ್ಲವನ್ನೂ ನೋಡೇಬಿಡೋಣ ಅನ್ನಿಸಿತು. ಫೆಬ್ರವರಿಯಲ್ಲಿ ಪ್ರೇಮಿಗಳ ದಿನದ ಭರಾಟೆಗೆ ಗುಲಾಬಿ ಮುಟ್ಟುವ ಹಾಗಿರುವುದಿಲ್ಲ. ಮಾರ್ಚ್‌ನಲ್ಲಿ ಬೆಲೆ ಇಳಿದ ಮೇಲೆ ಬೆಳಗ್ಗೆ ಆರಕ್ಕೆ ಕೆ.ಆರ್. ಮಾರ್ಕೆಟ್‌ಗೆ ಹೋಗಿ 20 ಕಡ್ಡಿಗಳ ಒಂದು ಕಟ್ಟು ಕೆಂಪು ಗುಲಾಬಿ ತಂದೆ. ನಾಲ್ಕು ನಾಲ್ಕರಂತೆ ಐದು ಪಾತ್ರೆ. ಎಲ್ಲದಕ್ಕೂ ನಲ್ಲಿಯ ಕಾವೇರಿ ನೀರೇ. ಲೆಕ್ಕ ಇಡುವ ಕೆಲಸ ಮಾವನವರದ್ದು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಐದು ಸಾಲು ಎಳೆದುಕೊಂಡರು.

ಮೊದಲು ಸೋತದ್ದು ಬರೀ ಸಕ್ಕರೆ ನೀರು. ಎರಡನೇ ದಿನ ಸಂಜೆಗೆ ನೀರು ಅಕ್ಕಿ ತೊಳೆದ ಹಾಗೆ ಮಬ್ಬಾಯಿತು. ಕಡ್ಡಿ ಮುಟ್ಟಿದರೆ ಲೋಳೆ ಲೋಳೆ. ಮೂರನೇ ದಿನ ನಾಲ್ಕರಲ್ಲಿ ಮೂರು ಹೂ ಬಗ್ಗಿದವು. ಸಕ್ಕರೆ ಹೂವಿಗೆ ಊಟ, ನಿಜ. ಆದರೆ ನೀರಿನಲ್ಲಿರುವ ಬ್ಯಾಕ್ಟೀರಿಯಾಗೂ ಅದೇ ಊಟ. ಅವು ಹೆಚ್ಚಾಗಿ ಕಡ್ಡಿಯೊಳಗಿನ ಸಣ್ಣ ಸಣ್ಣ ನಾಳಗಳನ್ನು ಮುಚ್ಚಿಬಿಡುತ್ತವೆ. ಪಾತ್ರೆ ತುಂಬ ನೀರಿದ್ದರೂ ಹೂವಿಗೆ ಬಾಯಾರಿಕೆ.

ಆಸ್ಪಿರಿನ್ ಮತ್ತು ತಾಮ್ರದ ಚೊಂಬು, ಎರಡೂ ಐದು ದಿನ. ಚೊಂಬಿನ ನೀರು ವಾಸನೆ ಬರಲಿಲ್ಲ, ಆದರೆ ಮೊಗ್ಗು ಅರ್ಧ ಅರಳಿ ಅಲ್ಲೇ ನಿಂತಿತು. ಇವೆರಡರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದಕ್ಕೇನಿಲ್ಲ.

ಬರೀ ನೀರು ನನಗೆ ಆಶ್ಚರ್ಯ ತಂದಿತು. ಆರು ದಿನ! ಉಳಿದ ಪಾತ್ರೆಗಳಿಗೆ ದಿನ ಬಿಟ್ಟು ದಿನ ನೀರು ಬದಲಿಸಿದ್ದೆ, ಇದಕ್ಕೆ ಮಾತ್ರ ದಿನವೂ. ಪಾತ್ರೆಯನ್ನು ಸೋಪು ಹಾಕಿ ತಿಕ್ಕಿ, ಕಡ್ಡಿಯ ತುದಿಯನ್ನು ಅರ್ಧ ಇಂಚು ಓರೆಯಾಗಿ ಕತ್ತರಿಸಿ, ಹೊಸ ನೀರು. ಐದು ನಿಮಿಷದ ಕೆಲಸ. ನೀರಿನೊಳಗೆ ಹೋಗುವ ಎಲೆಗಳನ್ನೆಲ್ಲ ಮೊದಲೇ ಕಿತ್ತಿದ್ದೆ. “ಎಲೆ ನೀರಿಗೆ ಬಿದ್ರೆ ಕೊಳೀತದೆ ಅಕ್ಕಾ” ಅಂತ ಮಾರ್ಕೆಟ್‌ನ ಹೂವಿನವಳು ಹೇಳಿ ಕಳಿಸಿದ್ದಳು.

ಗೆದ್ದದ್ದು ನಿಂಬೆರಸ, ಸಕ್ಕರೆ, ಬ್ಲೀಚ್ ಸೇರಿಸಿದ ನೀರು. ಎಂಟು ದಿನ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ನಿಂಬೆರಸ, ಒಂದು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಬಟ್ಟೆಗೆ ಹಾಕುವ ಬ್ಲೀಚ್. ಸಕ್ಕರೆ ಊಟ ಕೊಡುತ್ತದೆ, ಬ್ಲೀಚ್ ಬ್ಯಾಕ್ಟೀರಿಯಾ ತಡೆಯುತ್ತದೆ, ಹುಳಿ ನೀರನ್ನು ಕಡ್ಡಿ ಸಲೀಸಾಗಿ ಎಳೆದುಕೊಳ್ಳುತ್ತದೆ. ಒಂದು ಮಾತು ದಯವಿಟ್ಟು ನೆನಪಿಡಿ: ಬ್ಲೀಚ್ ಮತ್ತು ನಿಂಬೆರಸವನ್ನು ನೇರವಾಗಿ ಬೆರೆಸಬೇಡಿ, ಕೆಟ್ಟ ಗ್ಯಾಸ್ ಬರುತ್ತದೆ. ತುಂಬಿದ ಲೀಟರ್ ನೀರಿಗೇ ಒಂದೊಂದಾಗಿ ಹಾಕಿ, ಕಿಟಕಿ ತೆರೆದಿರಲಿ. ಮಕ್ಕಳಿರುವ ಮನೆಯಾದರೆ ನಾನು ಬರೀ ನೀರನ್ನೇ ಆರಿಸಿಕೊಳ್ಳುತ್ತೇನೆ.

ನನಗೆ ಆ ಎರಡು ದಿನಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಬರೀ ನೀರಿನ ಗುಲಾಬಿ ಮುಕ್ಕಾಲು ಅರಳಿ ನಿಂತರೆ, ಇದರದ್ದು ಬಟ್ಟಲಿನ ಹಾಗೆ ಪೂರ್ತಿ ಬಿರಿಯಿತು. ಐದನೇ ದಿನ ಬೆಳಗ್ಗೆ ಮಾವನವರು ಕರೆದು, “ನೋಡಮ್ಮಾ, ಒಳಗಿನ ಎಸಳೂ ಬಿಚ್ಚಿಕೊಂಡಿದೆ” ಅಂದರು. ಕ್ಯಾಲೆಂಡರ್ ಹಾಳೆಯಲ್ಲಿ ಆ ದಿನದ ಪೆನ್ಸಿಲ್ ಗುರುತು ಎರಡು ಸಲ ತಿದ್ದಿ ದಪ್ಪಗಾಗಿದೆ.

ಸಕ್ಕರೆ ನೀರಿನಲ್ಲಿ ಬಗ್ಗಿದ ಗುಲಾಬಿಗಳನ್ನು ಎಸೆಯಲು ಮನಸ್ಸಾಗಲಿಲ್ಲ. ಬಕೆಟ್ ನೀರಿನೊಳಗೇ ಕಡ್ಡಿ ಹಿಡಿದು ಎರಡು ಇಂಚು ಕತ್ತರಿಸಿದೆ. ಹೊರಗೆ ಕತ್ತರಿಸಿದರೆ ನಾಳದೊಳಗೆ ಗಾಳಿ ಸೇರಿ ನೀರಿಗೆ ಅಡ್ಡವಾಗುತ್ತದೆ. ಆಮೇಲೆ ಹೂವಿನ ಸಮೇತ ಇಡೀ ಕಡ್ಡಿಯನ್ನು ನೀರಿನಲ್ಲಿ ಮಲಗಿಸಿದೆ. ಎರಡು ಗಂಟೆ ಬಿಟ್ಟು ನೋಡಿದರೆ ಎರಡು ಗುಲಾಬಿಯ ಕತ್ತು ನೆಟ್ಟಗಾಗಿತ್ತು! ಮೂರನೆಯದು ಏಳಲಿಲ್ಲ.

ಎಲ್ಲಾ ಹೂವಿಗೂ ಒಂದೇ ಲೆಕ್ಕ ನಡೆಯುವುದಿಲ್ಲ. ಜರ್ಬೆರಾಗೆ ಎರಡು ಇಂಚು ನೀರು ಸಾಕು, ಜಾಸ್ತಿ ಹಾಕಿದರೆ ಆ ಮೆತ್ತನೆಯ ಕಡ್ಡಿ ಕೊಳೆಯುತ್ತದೆ. ಕಾರ್ನೇಷನ್ ಒಂದು ಸಲ ಎರಡೇ ದಿನಕ್ಕೆ ಮುದುಡಿತು. ಪಕ್ಕದಲ್ಲೇ ಏಲಕ್ಕಿ ಬಾಳೆಯ ಚಿಪ್ಪು ಇತ್ತು. ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಅದು ಹೂವನ್ನು ಬೇಗ ಮುದಿಯಾಗಿಸುತ್ತದೆ. ಈಗ ಹಣ್ಣಿನ ಬುಟ್ಟಿ ಅಡುಗೆಮನೆಗೆ ಹೋಗಿದೆ. ಮಾರ್ಚ್ ಮಧ್ಯಾಹ್ನ 33 ಡಿಗ್ರಿ ಸುತ್ತ ಇರುವಾಗ ಹೂದಾನಿಯನ್ನೂ ಕಿಟಕಿಯ ಬಿಸಿಲಿನಿಂದ ಆಚೆ ಸರಿಸುತ್ತೇನೆ.

ನಿಂಬೆ–ಬ್ಲೀಚ್ ನೀರನ್ನು ಈಗ ಹೆಚ್ಚಾಗಿ ಸುಗಂಧರಾಜಕ್ಕೆ ಬಳಸುತ್ತೇನೆ. ಅದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಅರಳುವ ಹೂ, ಮೇಲಿನ ಮೊಗ್ಗಿಗೆ ಊಟ ಬೇಕು. ಒಣಗಿದ ಕೆಳಗಿನ ಹೂಗಳನ್ನು ದಿನವೂ ಚಿವುಟುತ್ತೇನೆ. ತುದಿಯ ಮೂರು ನಾಲ್ಕು ಮೊಗ್ಗು ಮಾತ್ರ ಯಾವ ನೀರಿಗೂ ಬಿಚ್ಚಿಕೊಂಡಿಲ್ಲ. ಮಾವನವರು ಅವುಗಳಿಗೂ ಕ್ಯಾಲೆಂಡರ್‌ನಲ್ಲಿ ಒಂದು ಸಾಲು ಖಾಲಿ ಇಟ್ಟಿದ್ದಾರೆ.