ಕಾಲೇಜು ಲೈಬ್ರರಿಯ ಆನ್‌ಲೈನ್ ಓದು: 2019ರಿಂದ ಬಳಸಿದವಳ ಅನುಭವ

ಬಳಸಿದ್ದು: ಕಲಬುರಗಿಯ ಒಂದು ಅನುದಾನಿತ ಪದವಿ ಕಾಲೇಜಿನ ಲೈಬ್ರರಿ ಕೊಡುವ ಆನ್‌ಲೈನ್ ಸಂಶೋಧನಾ ಪತ್ರಿಕೆ, ಪುಸ್ತಕಗಳು. 5ಕ್ಕೆ 3.5 ಅಂಕ. ಮೊದಲ ಮೂರು ವರ್ಷಕ್ಕೆ ಮಾತ್ರ ಅಂದಿದ್ದರೆ 2ರ ಮೇಲೆ ಹೋಗುತ್ತಿರಲಿಲ್ಲ.

ನಾನು ಅಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಜೊತೆಗೆ ತೊಗರಿ ಮಾರುಕಟ್ಟೆ ಬಗ್ಗೆ ಪಿಎಚ್‌.ಡಿ. ಎಳೆದಾಡುತ್ತಿದ್ದೇನೆ. ನಮ್ಮ ಕಾಲೇಜಿಗೆ ಎನ್-ಲಿಸ್ಟ್ ಇದೆ, ಅಂದರೆ ಕಾಲೇಜುಗಳಿಗೆ ಆನ್‌ಲೈನ್ ಓದು ಒದಗಿಸುವ ವ್ಯವಸ್ಥೆ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. ಕಾಲೇಜು ವರ್ಷಕ್ಕೆ ಜಿಎಸ್‌ಟಿ ಸೇರಿ 5,900 ರೂಪಾಯಿ ಕಟ್ಟಿದರೆ ಸಾವಿರಾರು ಪತ್ರಿಕೆ, ಲಕ್ಷದ ಮೇಲೆ ಪುಸ್ತಕ ತೆರೆದುಕೊಳ್ಳುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಐಡಿ. ಮನೆಯಲ್ಲೇ ಕೂತು ಓದಬಹುದು. ಮೇ ತಿಂಗಳಲ್ಲಿ ನಮ್ಮೂರಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಗೆ ಕಾಲಿಟ್ಟವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಗೊತ್ತು. ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ ಇದರಲ್ಲೇ ಸಿಗುವುದು ನನ್ನ ಪಾಲಿಗೆ ವರ. ಬೇರೆಯವರ ಪಿಎಚ್‌.ಡಿ. ಪ್ರಬಂಧ ನೋಡಲು ಶೋಧಗಂಗಾ ಇದೆ, ಅದಕ್ಕೆ ಪಾಸ್‌ವರ್ಡ್ ಕೂಡ ಬೇಡ.

ಸರಕು ಚೆನ್ನಾಗಿದೆ. ನನ್ನ ತಕರಾರು ಬೇರೆ. ಇದು ನಮಗೆ ಉಪಯೋಗಕ್ಕೆ ಬರುತ್ತಿದೆಯಾ ಅಂತ ಕಾಲೇಜು ಕೇಳುತ್ತಿದ್ದ ರೀತಿ ಇದೆಯಲ್ಲ, ಅದು.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಇದ್ದಕ್ಕಿದ್ದಂತೆ ಫೀಡ್‌ಬ್ಯಾಕ್ ಫಾರ್ಮ್‌ಗಳ ಕಟ್ಟು ಕ್ಲಾಸಿಗೆ ಬರುತ್ತಿತ್ತು. ಎಲ್ಲ ಇಂಗ್ಲಿಷ್. ‘ಇ-ಸಂಪನ್ಮೂಲಗಳ ಬಗ್ಗೆ ನಿಮಗೆ ಎಷ್ಟು ತೃಪ್ತಿ ಇದೆ?’ ಅನ್ನುವ ಧಾಟಿಯ ಪ್ರಶ್ನೆಗಳು. ಮುಂದೆ ಐದು ಚೌಕ. ಮುಂದಿನ ಬೆಂಚಿನವರು ‘ವೆರಿ ಗುಡ್’ಗೆ ಟಿಕ್ ಹಾಕಿದರೆ ಹಿಂದಿನ ಬೆಂಚಿನವರೂ ಅದಕ್ಕೇ. ಬಿ.ಎ. ಹುಡುಗಿಯೊಬ್ಬಳು ಎಲ್ಲ ಟಿಕ್ ಮಾಡಿ ಮುಗಿಸಿ, ಫಾರ್ಮ್ ಕೊಡುವಾಗ ಮೆತ್ತಗೆ ಕೇಳಿದಳು: ‘ಮೇಡಂ, ಒಪ್ಯಾಕ್ ಅಂದ್ರ ಏನ್ರಿ?’ ಲೈಬ್ರರಿ ಪುಸ್ತಕಗಳ ಕಂಪ್ಯೂಟರ್ ಪಟ್ಟಿಯಮ್ಮ ಅಂದೆ. ಅದಕ್ಕೂ ಆಕೆ ‘ವೆರಿ ಗುಡ್’ ಕೊಟ್ಟಿದ್ದಳು. ತಪ್ಪು ಆಕೆಯದಲ್ಲ. ನಾನೂ ಎರಡು ಸಲ ಹಾಗೇ ಟಿಕ್ ಹಾಕಿ ಕೊಟ್ಟವಳೇ. ಆ ಕಟ್ಟು ಬೀರುವಿಗೆ ಹೋಯಿತು. ಒಂದು ಉತ್ತರವೂ ಹೊರಗೆ ಬರಲಿಲ್ಲ.

2022ರಲ್ಲಿ ಹೊಸ ಲೈಬ್ರರಿಯನ್ ಬಂದರು. ಅವರು ಫಾರ್ಮ್ ಹಂಚಲಿಲ್ಲ. ಕೌಂಟರ್ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇಟ್ಟು, ಪೆನ್ನಿಗೆ ದಾರ ಕಟ್ಟಿದರು. ನಾಲ್ಕೇ ಕಾಲಂ, ಕನ್ನಡದಲ್ಲಿ: ಏನು ಹುಡುಕಿದಿರಿ, ಸಿಕ್ಕಿತಾ, ಸಿಗದಿದ್ದರೆ ಏನು ಮಾಡಿದಿರಿ, ಲೈಬ್ರರಿಯ ಉತ್ತರ.

ಮೂರನೆಯ ಕಾಲಂ ಓದಬೇಕು ನೀವು. ‘ಫ್ರೆಂಡ್ ಹತ್ರ ಪಿಡಿಎಫ್ ಇಸ್ಕೊಂಡೆ’, ‘ಬಿಟ್ಟೆ’, ‘ಯೂಟ್ಯೂಬ್ ನೋಡಿದೆ’, ‘ಸ್ಟೇಷನ್ ರೋಡಿನ ಜೆರಾಕ್ಸ್ ಅಂಗಡಿಯಲ್ಲಿ ನೋಟ್ಸ್ ತಗೊಂಡೆ’. ತೃಪ್ತಿ ಎಷ್ಟು ಅಂತ ಕೇಳಿದ್ದರೆ ಇವರೆಲ್ಲ ‘ವೆರಿ ಗುಡ್’ ಅನ್ನುತ್ತಿದ್ದರು. ಏನು ಹುಡುಕಿದೆ ಅಂತ ಕೇಳಿದ್ದಕ್ಕೆ ನಿಜ ಹೇಳಿದರು.

ಆದರೆ ನೋಟ್‌ಬುಕ್‌ಗೂ ಒಂದು ದೊಡ್ಡ ತೂತು ಇತ್ತು. ಲೈಬ್ರರಿಗೆ ಬಂದವರು ಮಾತ್ರ ಬರೆಯುತ್ತಾರೆ. ಲಾಗಿನ್ನೇ ಆಗದವರ ಮಾತು ಅದರಲ್ಲಿ ಹೇಗೆ ಬರಬೇಕು? ಇದನ್ನು ಹೇಳಿದ್ದಕ್ಕೆ ಲೈಬ್ರರಿಯನ್ ಸರ್, ‘ಹಂಗಾದ್ರ ನಿಮ್ಮ ಕ್ಲಾಸಿಗೇ ಬರ್ತೀನಿ ಬಿಡ್ರಿ ಮೇಡಂ’ ಅಂದರು. ಬಂದು ಒಂದೇ ಪ್ರಶ್ನೆ ಕೇಳಿದರು: ಕೊನೆಯ ಸಲ ಲಾಗಿನ್ ಆಗಿದ್ದು ಯಾವಾಗ? ಎದ್ದ ಕೈಗಳು ಬೆರಳೆಣಿಕೆ. ಕಾರಣ ಇಂಟರ್‌ನೆಟ್ ಅಲ್ಲ, ಆಸಕ್ತಿ ಇಲ್ಲದ್ದೂ ಅಲ್ಲ. ಐಡಿ, ಪಾಸ್‌ವರ್ಡ್ ಹೋಗುವುದು ಇಮೇಲ್‌ಗೆ. ಆ ಇಮೇಲ್ ಅಡ್ಮಿಷನ್‌ಗೋ ಸ್ಕಾಲರ್‌ಶಿಪ್‌ಗೋ ನೆಟ್ ಸೆಂಟರ್‌ನವನು ಮಾಡಿಕೊಟ್ಟಿದ್ದು. ಅದರ ಪಾಸ್‌ವರ್ಡ್ ಮಕ್ಕಳಿಗೆ ಗೊತ್ತೇ ಇಲ್ಲ! ಇಷ್ಟು ವರ್ಷ ಪಾಸ್‌ವರ್ಡ್‌ಗಳೆಲ್ಲ ಯಾರೂ ತೆರೆಯದ ಡಬ್ಬಿಗೆ ಹೋಗಿ ಬಿದ್ದಿದ್ದವು. ಮುಂದಿನ ವಾರ ಮಧ್ಯಾಹ್ನದ ಹೊತ್ತು ಸಾಲಾಗಿ ಕೂರಿಸಿ, ಅವರವರ ಮೊಬೈಲ್‌ನಲ್ಲೇ ಹೊಸ ಇಮೇಲ್ ಮಾಡಿಸಿ, ಐಡಿಗೆ ಜೋಡಿಸಿದರು. ಜೇವರ್ಗಿ, ಆಳಂದ ಕಡೆಯಿಂದ ಬರುವವರಿಗೆ ಬಸ್ಸಿನ ಹೊತ್ತು ನೋಡಿ ಮೊದಲೇ ಮುಗಿಸಿ ಕಳಿಸಿದ್ದು ನನಗೆ ಬಹಳ ಹಿಡಿಸಿತು.

ಫಾರ್ಮ್‌ಗಳೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಲಿಬ್‌ಕ್ವಾಲ್ ಅಂತ ಅಮೆರಿಕದ ಲೈಬ್ರರಿಗಳು ಬೆಳೆಸಿದ ಒಂದು ಸಮೀಕ್ಷೆ ಇದೆ. ಮುಖ್ಯ ಪ್ರಶ್ನೆ 22. ಒಂದೊಂದಕ್ಕೂ ಮೂರು ಅಂಕ ಕೊಡಬೇಕು: ಕನಿಷ್ಠ ಎಷ್ಟಿರಬೇಕು, ಎಷ್ಟಿದ್ದರೆ ಚೆಂದ, ಈಗ ಎಷ್ಟಿದೆ. ಇವುಗಳ ನಡುವಿನ ಅಂತರ ನೋಡಿದರೆ ಎಲ್ಲಿ ಸೋರುತ್ತಿದೆ ಅಂತ ತಿಳಿಯುತ್ತದೆ. ಸರ್ ಅದರ ಒಂದು ಪ್ರಶ್ನೆಯನ್ನು ಕನ್ನಡ ಮಾಡಿ ನಮ್ಮ ಹುಡುಗರ ಮುಂದಿಟ್ಟರು. ಯಾರಿಗೂ ತಲೆಗೆ ಹತ್ತಲಿಲ್ಲ. ಕೊನೆಗೆ ಹಿಂದಿನಿಂದ ಒಬ್ಬ, ‘ಜೇವರ್ಗಿ ಬಸ್ ಇದ್ದಂಗ್ರಿ ಸರ್. ನಿಲ್ಲಾಕ ಜಾಗರೆ ಬೇಕು, ಕಿಟಕಿ ಸೀಟ್ ಸಿಕ್ಕರ ಚಲೋ, ಸಿಗೋದು ಬಾಗಿಲ’ ಅಂದ. ಆಮೇಲೆ ಎಲ್ಲರೂ ಸರಸರ ಬರೆದರು. ಆದರೂ 22 ಪ್ರಶ್ನೆ ಹೀಗೆ ಕೇಳಿದರೆ ನಮ್ಮಲ್ಲಿ ಯಾರೂ ಕೂರುವುದಿಲ್ಲ.

ಇನ್ನೊಂದು ವಿಷಯ ಲೈಬ್ರರಿಯನ್ ಸರ್ ಅವರಿಂದಲೇ ಗೊತ್ತಾಯಿತು. ಪ್ರಕಾಶಕರು ಬಳಕೆಯ ಲೆಕ್ಕ ಇಡಲು ಕೌಂಟರ್ ಅನ್ನುವ ಒಂದು ಅಂತರರಾಷ್ಟ್ರೀಯ ಪದ್ಧತಿ ಇದೆ. ಒಂದೇ ಲೇಖನವನ್ನು ಒಂದೇ ಕೂರಿಕೆಯಲ್ಲಿ ನಾಲ್ಕು ಸಲ ತೆರೆದರೆ ಒಟ್ಟು ಲೆಕ್ಕದಲ್ಲಿ ನಾಲ್ಕು, ಇನ್ನೊಂದು ಲೆಕ್ಕದಲ್ಲಿ ಒಂದು. ತೆರೆಯಲು ಹೋಗಿ ಬಾಗಿಲು ಮುಚ್ಚಿದ್ದಕ್ಕೂ ಬೇರೆ ಲೆಕ್ಕ ಇದೆ: ಚಂದಾ ಇಲ್ಲದ್ದು ಒಂದು, ಒಂದೇ ಸಲಕ್ಕೆ ಜಾಸ್ತಿ ಜನ ನುಗ್ಗಿದ್ದು ಇನ್ನೊಂದು. ನಾವು ಬೈದುಕೊಂಡು ವಾಪಸ್ ಬಂದಿದ್ದೂ ಎಲ್ಲೋ ದಾಖಲಾಗುತ್ತದೆ ಅಂತ ಕೇಳಿ ನನಗೆ ಸುಮ್ನೆ ಖುಷಿಯಾಯಿತು. ಆದರೆ ತೆರೆದವರಿಗೆ ಬೇಕಾದ್ದು ಸಿಕ್ಕಿತಾ ಅನ್ನುವುದು ಆ ಲೆಕ್ಕದಲ್ಲಿ ಇರಲ್ಲ. ಅದಕ್ಕೆ ದಾರ ಕಟ್ಟಿದ ಪೆನ್ನೇ ಆಗಬೇಕು.

ಅಂಕ ಕಡಿದಿದ್ದಕ್ಕೆ ಕಾರಣ ಹೇಳಿಬಿಡುತ್ತೇನೆ. ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷವೂ ಬರಲ್ಲ. ಕನ್ನಡ ವಿಭಾಗದವರಿಗೆ ಸಿಗುವುದು ತೀರಾ ಕಡಿಮೆ, ನೋಟ್‌ಬುಕ್‌ನಲ್ಲಿ ಅವರ ಸಾಲುಗಳೇ ಜಾಸ್ತಿ. ಆಮೇಲೆ 2025ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಪತ್ರಿಕೆಗಳಿಗೆ ಚಂದಾ ಕಟ್ಟುವ ‘ಒಂದು ರಾಷ್ಟ್ರ ಒಂದು ಚಂದಾದಾರಿಕೆ’ ಯೋಜನೆ ಶುರುವಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆ. ಕೊಟ್ಟಿದ್ದು ಕೇಂದ್ರ, ರಾಜ್ಯ ಸರ್ಕಾರಗಳ ಸಂಸ್ಥೆಗಳಿಗೆ, ನಮ್ಮ ಕಾಲೇಜಿಗಲ್ಲ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿರುವ ಗೆಳತಿ ತೆರೆಯುವ ಲೇಖನ ನನಗೆ ತೆರೆಯಲ್ಲ. ಇದು ಲೈಬ್ರರಿಯ ತಪ್ಪಲ್ಲ, ಆದರೂ ಹೊಟ್ಟೆ ಉರಿಯುತ್ತದೆ ಅಲ್ವಾ?

ಹಳೆಯ ಸಂಚಿಕೆಗಳ ಭಂಡಾರಗಳಲ್ಲಿ ‘ಮೂವಿಂಗ್ ವಾಲ್’ ಅಂತ ಇರುತ್ತದೆ. ಈಚಿನ ಕೆಲವು ವರ್ಷದ ಸಂಚಿಕೆಗಳನ್ನು ತಡೆದಿಟ್ಟು, ವರ್ಷ ಕಳೆದ ಹಾಗೆ ಒಂದೊಂದೇ ಬಿಡುತ್ತಾರೆ. ಬೇಳೆಕಾಳು ವ್ಯಾಪಾರದ ಬಗ್ಗೆ ನನಗೆ ಬೇಕಾದ ಲೇಖನ ಆ ಗೋಡೆಯ ಆಚೆ ಇದೆ. ಕಳೆದ ತಿಂಗಳು ನೋಟ್‌ಬುಕ್‌ನಲ್ಲಿ ಬರೆದೆ. ಮೂರನೆಯ ಕಾಲಂನಲ್ಲಿ ‘ಕಾಯುತ್ತಿದ್ದೇನೆ’ ಅಂತ ಹಾಕಿದೆ. ನಾಲ್ಕನೆಯದರಲ್ಲಿ ಸರ್ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ: ‘ಲೇಖಕರಿಗೆ ಮೇಲ್ ಮಾಡಿ ಪ್ರತಿ ಕೇಳ್ರಿ ಮೇಡಂ, ಕೊಡ್ತಾರ.’

ಇವತ್ತು ಬೆಳಿಗ್ಗೆ ಮೇಲ್ ಮಾಡಿದ್ದೇನೆ.