ಕೇಬಲ್ ಗೇರಾ, ಎಲೆಕ್ಟ್ರಾನಿಕ್ ಗೇರಾ? ದಾವಣಗೆರೆ ರಸ್ತೆಯಲ್ಲಿ ಎರಡನ್ನೂ ತುಳಿದ ಮೇಲೆ

ಸೈಕಲಿನ ಕೇಬಲ್ ಗೇರಿನ ಮೇಲೆ ನನಗಿರುವ ತಕರಾರು ಒಂದೇ. ಕೇಬಲ್ ತುಂಡಾಗುವುದು ಕಣ್ಣಿಗೆ ಕಾಣದ ಜಾಗದಲ್ಲಿ. ಹ್ಯಾಂಡಲ್ ಮೇಲಿನ ಲಿವರ್ ಒಳಗೆ, ರಬ್ಬರ್ ಹೊದಿಕೆಯ ಅಡಿಯಲ್ಲಿ, ಕೇಬಲ್ ಒಂದು ಇಕ್ಕಟ್ಟಾದ ತಿರುವು ತೆಗೆದುಕೊಳ್ಳುತ್ತದೆ. ಗೇರ್ ಹಾಕಿದಾಗೆಲ್ಲ ಅದೇ ಜಾಗದಲ್ಲಿ ಬಾಗಬೇಕು, ಮತ್ತೆ ನೆಟ್ಟಗಾಗಬೇಕು. ಅದರ ದಪ್ಪವೇ 1.2 ಮಿಲಿಮೀಟರ್. ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತಾ ಒಂದು ದಿನ ಪೂರ್ತಿ ಕೈಕೊಡುತ್ತದೆ.

ನನಗೆ ಕೈಕೊಟ್ಟಿದ್ದು ಆಷಾಢದಲ್ಲಿ, ಚಿತ್ರದುರ್ಗದಿಂದ ವಾಪಸ್ ಬರುವಾಗ. ಅಲ್ಲಿನ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಯಾಕೆ ನಿಲ್ಲಿಸಿದ್ದಾರೆ ಅಂತ ಸಂಶಯ ಇದ್ದವರು ಆ ತಿಂಗಳಲ್ಲಿ ಹೆದ್ದಾರಿ 48ರಲ್ಲಿ ಸೈಕಲ್ ಹೊಡೆದು ನೋಡಿ. ಹಿಂದಿನ ಕೇಬಲ್ ಹರಿದರೆ, ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಡಿರೈಲರಿನ ಸ್ಪ್ರಿಂಗ್ ಅದನ್ನು ಸೀದಾ ಅತಿ ಚಿಕ್ಕ ಚಕ್ರಕ್ಕೆ ಎಳೆದುಬಿಡುತ್ತದೆ. ಅಂದರೆ ಎಲ್ಲಕ್ಕಿಂತ ಭಾರದ ಗೇರ್. ಮುಂದಿನ ಕೇಬಲ್ ನೆಟ್ಟಗಿತ್ತು, ಹಾಗಾಗಿ ಪೆಡಲ್ ಹತ್ತಿರದ ಎರಡು ಹಲ್ಲುಚಕ್ರಗಳಲ್ಲಿ 34 ಹಲ್ಲಿನ ಚಿಕ್ಕ ರಿಂಗಿಗೆ ಇಳಿಸಿದೆ. ಹಿಂದಿನ ಡಿರೈಲರ್ ಚಿಕ್ಕ ಚಕ್ರದ ಕಡೆಗೆ ಎಷ್ಟು ಸರಿಯಬೇಕು ಅಂತ ತಡೆಯುವ ಎಚ್ ಸ್ಕ್ರೂ ಒಳಕ್ಕೆ ತಿರುಗಿಸಿ ಚೈನನ್ನು ಸ್ವಲ್ಪ ದೊಡ್ಡ ಚಕ್ರದ ಮೇಲೆ ಕೂರಿಸಿಕೊಂಡೆ. ಜೇಬಿನಲ್ಲಿ ಪುಟ್ಟ ಸ್ಕ್ರೂಡ್ರೈವರ್ ಇದ್ದರೆ ಯಾರು ಬೇಕಾದರೂ ಮಾಡಬಹುದು. ಮನೆ ಮುಟ್ಟುತ್ತೀರಿ. ಆದರೆ ಭರಮಸಾಗರದಿಂದ ಆನಗೋಡಿನವರೆಗೆ ಎದುರುಗಾಳಿಯಲ್ಲಿ ಒಂದೇ ಗೇರ್ ತುಳಿದವನಿಗೆ, ಕೇಬಲ್ ಬದಲು ಬ್ಯಾಟರಿ ಮತ್ತು ಪುಟ್ಟ ಮೋಟರಿನಿಂದ ಬದಲಾಗುವ ಎಲೆಕ್ಟ್ರಾನಿಕ್ ಗೇರಿನ ಜಾಹೀರಾತು ತುಂಬಾ ಚಂದ ಕಾಣುತ್ತದೆ!

ಹರಿದ ಕೇಬಲಿನ ತಲೆ ಲಿವರ್ ಒಳಗೇ ಸಿಕ್ಕಿಕೊಂಡಿತ್ತು. ನಾನು ಯಾವಾಗಲೂ ಹೋಗುವ ಅಂಗಡಿಯ ಅಣ್ಣ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಚಿಮಟ ಹಿಡಿದು, ಕೂದಲಿನಷ್ಟು ತೆಳ್ಳಗಿನ ತಂತಿ ಚೂರುಗಳನ್ನು ಒಂದೊಂದಾಗಿ ಎಳೆದು ಪೇಪರ್ ಮೇಲೆ ಇಟ್ಟರು. ಒಂದು ಚೂರು ಉಳಿದರೂ ಒಳಗಿನ ಹಲ್ಲಿಗೆ ಸಿಕ್ಕಿ ಲಿವರ್ ಬಿಗಿಯಾಗುತ್ತಂತೆ. ಹೊಸ ಕೇಬಲಿಗೆ ಹೋದದ್ದು ಕೆಲವೇ ನೂರು ರೂಪಾಯಿ. ಅವರ ಸಮಯಕ್ಕೆ ಮಾತ್ರ ಬೆಲೆ ಕಟ್ಟೋಕೆ ಆಗಲ್ಲ. "ಮೋಟ್ರು ಗೇರ್ ಹಾಕಿಸ್ಲೇನಣ್ಣ?" ಅಂದೆ. "ಕೇಬಲ್ ಆದ್ರೆ ನನ್ ಹತ್ರ ತರ್ರಿ ಸರ. ಮೋಟ್ರು ಕೆಟ್ರೆ ಬೆಂಗ್ಳೂರೇ" ಅಂದರು, ತಲೆ ಎತ್ತದೆ.

ಅಷ್ಟರಲ್ಲಿ ನಮ್ಮ ಜೊತೆ ಭಾನುವಾರ ಸೈಕಲ್ ಹೊಡೆಯುವ ಡಾಕ್ಟರೊಬ್ಬರು ಮಗಳ ಮನೆಗೆ ಹೊರಟರು. "ಸುಮ್ನೆ ನಿಂತು ಧೂಳು ಹಿಡಿಯುತ್ತೆ, ಓಡಿಸ್ತಿರಪ್ಪ" ಅಂತ ತಮ್ಮ ಎಲೆಕ್ಟ್ರಾನಿಕ್ ಗೇರಿನ ಸೈಕಲ್ ಬಿಟ್ಟುಹೋದರು. ಹಿಂದೆ 12 ಗೇರ್, ಡಿಸ್ಕ್ ಬ್ರೇಕ್. ಅವರದೂ ನನ್ನದೂ ಒಂದೇ ಎತ್ತರ, ಸೀಟು ಕೂಡ ಮುಟ್ಟಬೇಕಾಗಲಿಲ್ಲ.

ಹಿಂದಿನ ಗೇರಿನಲ್ಲಿ ಅಂಥಾ ವ್ಯತ್ಯಾಸ ನನಗೆ ಕಾಣಲಿಲ್ಲ. ಸರಿಯಾಗಿ ಟ್ಯೂನ್ ಆದ ಕೇಬಲ್ ಕೂಡ ಅಷ್ಟೇ ಚುರುಕು. ಆದರೆ ಮುಂದಿನದು! ಕೇಬಲಿನಲ್ಲಿ ಚಿಕ್ಕ ರಿಂಗಿನಿಂದ ದೊಡ್ಡದಕ್ಕೆ ಹಾಕಬೇಕಾದರೆ ಪೆಡಲ್ ಒತ್ತಡ ಕಮ್ಮಿ ಮಾಡಿ, ಲಿವರನ್ನು ಬೆರಳಿಂದ ಪೂರ್ತಿ ಒಳಕ್ಕೆ ನೂಕಿ, ಚೈನ್ ಏರುವವರೆಗೆ ಹಿಡಿದುಕೊಳ್ಳಬೇಕು. ಇದರಲ್ಲಿ ಗುಂಡಿ ಮುಟ್ಟಿದರೆ ಸಾಕು. ಝುಯ್ ಅಂತ ಸಣ್ಣ ಸದ್ದು, ಚೈನ್ ಮೇಲಿರುತ್ತದೆ. ಹಿಂದೆ ಗೇರ್ ಬದಲಾದ ಹಾಗೆ ಮುಂದಿನ ಡಿರೈಲರ್ ತಾನೇ ಒಂಚೂರು ಸರಿದು ಕೂರುತ್ತದೆ, ಚೈನ್ ಉಜ್ಜುವ ಕರಕರ ಇಲ್ಲ. ಕೊಂಡಜ್ಜಿ ಕಡೆಯ ಏರಿಳಿತದಲ್ಲಿ ಸುಮ್‌ಸುಮ್ನೆ ಮುಂದಿನ ಗೇರ್ ಬದಲಾಯಿಸುತ್ತಾ ಹೋಗುತ್ತಿದ್ದೆ. ಡಾಕ್ಟರಿಗೆ ಬೆರಳು ಗಂಟಿನ ನೋವಿದೆ. ಅವರು ಯಾಕೆ ಇಷ್ಟು ದುಡ್ಡು ಸುರಿದರು ಅಂತ ಆಗ ಅರ್ಥವಾಯಿತು.

ಆಮೇಲೆ ಶುರುವಾಯಿತು ಕಿರಿಕಿರಿ. ಮೇಲೊಂದು ಕೆಳಗೊಂದು ಗುಂಡಿ, ಎರಡೂ ಬೆರಳಿಗೆ ಒಂದೇ ಥರ. ತಗ್ಗು ಬಿದ್ದ ರಸ್ತೆಯಲ್ಲಿ, ಅದರಲ್ಲೂ ಗ್ಲೌಸ್ ಹಾಕಿಕೊಂಡಾಗ, ಹಗುರ ಗೇರ್ ಬೇಕಾದ ಕಡೆ ಭಾರದ ಗೇರ್ ಬೀಳುತ್ತಿತ್ತು. ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಕಡೆ ಅರ್ಧ ರಸ್ತೆಯೇ ಕಣ. ತಿರುವಿನಲ್ಲಿ ಏಕಾಏಕಿ ಕಾಳಿನ ರಾಶಿ ಎದುರಾದಾಗ ಯಾವ ಗುಂಡಿ ಅಂತ ಯೋಚನೆ ಮಾಡೋಕೆ ಟೈಮ್ ಇರಲ್ಲ.

ಒಂದು ದಿನ ಮುಂದಿನ ಗೇರ್ ಬದಲಾಗುವುದೇ ನಿಂತಿತು. ಬ್ಯಾಟರಿ ಕಮ್ಮಿಯಾದರೆ ಮೊದಲು ಮುಂದಿನದು ನಿಲ್ಲುತ್ತದೆ, ಆಮೇಲೆ ಹಿಂದಿನದು, ಚೈನ್ ಮಾತ್ರ ಇದ್ದ ಗೇರಿನಲ್ಲೇ ಇರುತ್ತದೆ. ಇದು ಕೇಬಲಿಗಿಂತ ಎಷ್ಟೋ ಮರ್ಯಾದಸ್ಥ ನಡವಳಿಕೆ, ಒಪ್ಪಲೇಬೇಕು. ಆರಾಮಾಗಿ ಮನೆಗೆ ಬಂದೆ. ಆದರೆ ಚಾರ್ಜ್ ಮಾಡುವ ವೈರ್? ಅದು ಫೋನಿನ ವೈರ್ ಅಲ್ಲ, ಅದರದ್ದೇ ಬೇರೆ ಪಿನ್ನು. ಡಾಕ್ಟರ ಬ್ಯಾಗಿನಲ್ಲಿ ಕೂತು ಮಗಳ ಮನೆಗೆ ಹೋಗಿತ್ತು. ನಾನು ಕೇಳಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅವರು ವಾಪಸ್ ಬರುವವರೆಗೆ ಅಷ್ಟು ಬೆಲೆಯ ಸೈಕಲ್ ನಮ್ಮ ಹಾಲಿನ ಗೋಡೆಗೆ ಒರಗಿ ನಿಂತಿತ್ತು.

ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 1000 ಕಿಲೋಮೀಟರ್ ಅಂತ ಗೇರ್ ತಯಾರಿಸುವ ಶಿಮಾನೊ ಕಂಪನಿ ಹೇಳುತ್ತದೆ. ಲಿವರಿನಲ್ಲಿ ಬೇರೆ ಬಟನ್ ಸೆಲ್ ಇರುತ್ತವೆ, ಅವು ವರ್ಷಗಟ್ಟಲೆ ಬರುತ್ತವೆ. ಶ್ರಾಮ್ ಕಂಪನಿಯದ್ದಾದರೆ ಮುಂದೆ ಹಿಂದೆ ಒಂದೇ ಥರದ ಬ್ಯಾಟರಿ, ಹಿಂದಿನದು ಸತ್ತರೆ ಮುಂದಿನದನ್ನು ಬಿಚ್ಚಿ ಅಲ್ಲಿಗೆ ಹಾಕಬಹುದು. ಈ ಉಪಾಯ ನನಗೆ ಇಷ್ಟ.

ನನ್ನ ಸೈಕಲಿಗೆ ಹಾಕಿಸೋಣ ಅಂದರೆ ಇನ್ನೊಂದು ಗಂಟು. ನನ್ನದು ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್. 2022ರಲ್ಲಿ ಬಂದ ಶಿಮಾನೊದ 105 ಡಿಐ2 ಅನ್ನೋ ಎಲೆಕ್ಟ್ರಾನಿಕ್ ಗೇರ್ ಸೆಟ್ ಡಿಸ್ಕ್ ಬ್ರೇಕಿಗೆ ಮಾತ್ರ. ಸೆಟ್ ಒಂದಕ್ಕೇ ಲಕ್ಷ ದಾಟುತ್ತದೆ, ಅದರ ಮೇಲೆ ಫ್ರೇಮು, ಫೋರ್ಕು, ಚಕ್ರ ಎಲ್ಲ ಹೊಸದು. ಅದನ್ನು ಬದಲಾಯಿಸೋದು ಅನ್ನಲ್ಲ, ಹೊಸ ಸೈಕಲ್ ತಗೊಳ್ಳೋದು ಅಂತಾರೆ. ಇಷ್ಟಕ್ಕೂ ಮರುವರ್ಷವೇ, 2023ರಲ್ಲಿ, ಅದೇ 105ರಲ್ಲಿ ಕೇಬಲಿನ 12 ಗೇರ್ ಸೆಟ್ ಬಂತು. ಕೇಬಲ್ ಬೇಕು ಅನ್ನೋರು ನಾನೊಬ್ಬನೇ ಅಲ್ಲ, ಅಲ್ವಾ?

ಜೊತೆಗೆ ನನ್ನದೊಂದು ಶನಿವಾರ ರಾತ್ರಿಯ ಚಾಳಿ ಇದೆ. ಊಟ ಆದ ಮೇಲೆ ಸೈಕಲನ್ನು ವರಾಂಡದಲ್ಲಿ ತಲೆಕೆಳಗೆ ನಿಲ್ಲಿಸುತ್ತೇನೆ. ಹಳೇ ಬನಿಯನ್ ತುಂಡಿನಲ್ಲಿ ಚೈನ್ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತೇನೆ. ಜೋಳದ ಸಿಪ್ಪೆ, ಕಪ್ಪು ಮಣ್ಣು, ಎಣ್ಣೆ ಎಲ್ಲ ಬಟ್ಟೆಗೆ ಬರುತ್ತದೆ. ಆಮೇಲೆ ಒಂದೊಂದೇ ಗೇರ್ ಹಾಕುತ್ತಾ ಕಿವಿ ಕೊಡುತ್ತೇನೆ. ಎಲ್ಲಾದರೂ ಟಿಕ್ ಟಿಕ್ ಅಂದರೆ ಡಿರೈಲರ್ ಹಿಂದಿನ ಅಡ್ಜಸ್ಟರ್ ಕಾಲು ಸುತ್ತು, ಇನ್ನೂ ಬೇಕಾದರೆ ಇನ್ನೊಂದು ಕಾಲು ಸುತ್ತು. ಸದ್ದು ಅಡಗುತ್ತದೆ. ಮನೆಯವಳು ಒಳಗಿಂದ "ಮುಗೀತಾ ನಿಮ್ ಪೂಜೆ?" ಅಂತಾಳೆ. ಡಾಕ್ಟರ ಸೈಕಲಿನಲ್ಲೂ ಒರೆಸುವ ಕೆಲಸ ಅಷ್ಟೇ ಇತ್ತು. ತಿರುಗಿಸುವ ಕೆಲಸ ಫೋನ್ ಆ್ಯಪಿಗೆ ಹೋಗಿತ್ತು, ಅಪ್‌ಡೇಟ್ ಮಾಡಿ ಅಂತ ಅದು ಕೇಳುತ್ತಲೇ ಇತ್ತು.

ಹಾಗಾಗಿ ಈ ಸೈಕಲ್ ಇರುವಷ್ಟು ದಿನ ಕೇಬಲ್ಲೇ. ಈಗ ಯುಗಾದಿಗೆ ಒಂದು ಸಲ, ಚೆನ್ನಾಗಿದ್ದರೂ ಸರಿ, ಒಳಗಿನ ಕೇಬಲ್ ಬದಲಾಯಿಸುತ್ತೇನೆ. ಆಷಾಢದ ಗಾಳಿ ಏಳುವಷ್ಟರಲ್ಲಿ ಅದು ಎಳೆದು ಸರಿಯಾಗಿ ಕೂತಿರುತ್ತದೆ. ಚಿಕ್ಕ ಚಕ್ರಕ್ಕೆ ಇಳಿಯುವಾಗ ಚೈನ್ ತಡವರಿಸಿದರೆ, ಅಡ್ಜಸ್ಟರ್ ತಿರುಗಿಸಿದರೂ ಎರಡೇ ದಿನಕ್ಕೆ ಮತ್ತೆ ತಪ್ಪಿದರೆ, ತಡ ಮಾಡದೆ ರಬ್ಬರ್ ಮಡಚಿ ಕೇಬಲಿನ ತಲೆ ನೋಡಿ.

ಬೆರಳು ನೋವಿದ್ದವರು, ಹೇಗೂ ಹೊಸ ಡಿಸ್ಕ್ ಸೈಕಲ್ ತಗೊಳ್ಳುವವರು ಎಲೆಕ್ಟ್ರಾನಿಕ್ ತಗೊಳ್ಳಿ, ಮುಂದಿನ ಗೇರಿನ ಸುಖಕ್ಕಾದರೂ. ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಚಾರ್ಜ್ ಮಾಡುವ ವೈರ್ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ.